ವಾಯಿ ದಾಟಿ ಎಲ್ಲಿಗೆ ಹೋದಿರಿ?

ಈ ಸಲ ಗಣರಾಜ್ಯೋತ್ಸವ ಸೋಮವಾರ ಬಂತು. ಶನಿವಾರ, ರವಿವಾರ ಸೇರಿ ಮೂರು ದಿನ ರಜೆ. ಮಂಗಳವಾರ ಬೆಳಿಗ್ಗೆ ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಎಂದಿನಂತೆ ಫೋಟೋಗಳ ಸಂತೆ. ಮಹಾಬಳೇಶ್ವರ, ಗೋವಾ, ಅಲಿಬಾಗ್. ಒಬ್ಬರು ನನ್ನನ್ನೂ ಕೇಳಿದರು, ನೀವೆಲ್ಲಿಗೆ ಹೋಗಿದ್ರಿ ಅಂತ. ವಾಯಿಗೆ ಅಂದೆ. "ಸರಿ, ವಾಯಿ ದಾಟಿ ಎಲ್ಲಿಗೆ?" ಎಂದು ಬಂತು ಮರುಪ್ರಶ್ನೆ.

ಅವರ ತಪ್ಪಿಲ್ಲ. ಪುಣೆಯಿಂದ ಹೊರಟವರಿಗೆ ವಾಯಿ ಅಂದರೆ ಪಸರಣಿ ಘಾಟಿ ಹತ್ತುವ ಮೊದಲು ಸಿಗುವ ಊರು. ಮೇಲೆ ಪಾಂಚಗಣಿ, ಅದರಾಚೆ ಮಹಾಬಳೇಶ್ವರ. ರಜೆಯ ದಿನ ಸಾವಿರಾರು ಕಾರುಗಳು ಈ ಊರಿನ ಮೈಮೇಲೆ ಹಾದು ಹೋಗುತ್ತವೆ. ಪುಣೆಗೆ ಬಂದ ಹನ್ನೊಂದು ವರ್ಷಗಳಲ್ಲಿ ನಾನೂ ಹಾಗೆಯೇ ಆರೇಳು ಸಲ ಹಾದು ಹೋಗಿದ್ದೆ. ಈ ಸಲ ನಿಂತದ್ದು ನನ್ನ ಜಾಣತನದಿಂದಲ್ಲ, ಅವ್ವನ ಮೊಣಕಾಲಿನಿಂದ.

ಅವ್ವನಿಗೆ ಎಪ್ಪತ್ತೊಂದು. ಅಪ್ಪ ಹೋದ ಮೇಲೆ ಬಾಗಲಕೋಟೆಯಿಂದ ಬಂದು ನಮ್ಮ ಜೊತೆ ಇದ್ದಾಳೆ. ನಾಲ್ಕು ವರ್ಷದಲ್ಲಿ ಎಲ್ಲಿಗೆ ಕರೆದರೂ "ನೀವು ಹೋಗಿ ಬರ್ರಿ, ನಾ ಮನ್ಯಾಗ ಇರ್ತೀನಿ" ಎನ್ನುವುದೇ ಉತ್ತರ. ತಿರುಗಾಟದಲ್ಲಿ ಆಸಕ್ತಿ ಇಲ್ಲವೇನೋ ಎಂದು ನಾವು ಅಂದುಕೊಂಡಿದ್ದೆವು. ಕಾರಣ ಬೇರೆ ಇತ್ತು. ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂರಬೇಕಾದ ಪಾಯಖಾನೆ ಅವಳ ಮೊಣಕಾಲಿಗೆ ಆಗುವುದಿಲ್ಲ. ಬೇರೆಯದು ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಾಳೆ. ಇದನ್ನು ಅವಳು ನನಗೆ ಹೇಳಲು ನಾಲ್ಕು ವರ್ಷ ತೆಗೆದುಕೊಂಡಳು. ಅಳಿಯನ ಎದುರು ಹೇಳುವ ಮಾತೇ ಅಲ್ಲ ಅದು.

ಹಾಗಾಗಿ ಪರಿಚಯದವರೊಬ್ಬರ ಟ್ರೇಲರನ್ನು ಮೂರು ದಿನಕ್ಕೆ ಬಾಡಿಗೆಗೆ ಪಡೆದೆವು. ಹನ್ನೆರಡು ಅಡಿ ಉದ್ದದ ಬಿಳಿ ಪೆಟ್ಟಿಗೆ. ಒಳಗೆ ಮಡಚುವ ಎರಡು ಹಾಸಿಗೆ, ಒಂದು ಒಲೆ, ಅರವತ್ತು ಲೀಟರಿನ ನೀರಿನ ಟಾಕಿ, ಮೂಲೆಯಲ್ಲಿ ಪರದೆಯ ಹಿಂದೆ ಕುರ್ಚಿಯ ಹಾಗೆ ಕೂರಬಹುದಾದ ಪುಟ್ಟ ಟಾಯ್ಲೆಟ್. ಅವ್ವ ಉಳಿದದ್ದೇನನ್ನೂ ನೋಡಲಿಲ್ಲ. ಅದರ ಮೇಲೆ ಒಮ್ಮೆ ಕೂತು, ಎದ್ದು, "ಹೂಂ, ನಡೀರಿ" ಅಂದಳು.

ಟ್ರೇಲರ್ ಎಂದೊಡನೆ ಈಗ ನಮಗೆ ನೆನಪಾಗುವುದು ಸಿನಿಮಾದ ತುಣುಕು. ಕೃಷ್ಣಾ ತೀರದ ರೈತರಿಗೆ ನೆನಪಾಗುವುದು ಕಬ್ಬು. ಜನವರಿ ಎಂದರೆ ಕಬ್ಬು ಅರೆಯುವ ಕಾಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಎರಡರಲ್ಲೂ ಮನೆ ಎತ್ತರ ಕಬ್ಬು, ಟ್ರ್ಯಾಕ್ಟರಿನಲ್ಲಿ ಕಿವಿಗಡಚಿಕ್ಕುವ ಹಾಡು. ಅವುಗಳ ಹಿಂದೆ ನಮ್ಮದೂ ಒಂದು. ಚಹಾದಂಗಡಿಯಲ್ಲಿ ಒಬ್ಬ ಅಜ್ಜ ಸುತ್ತ ಬಂದು ನೋಡಿ, ಇದರಲ್ಲಿ ಎಷ್ಟು ಟನ್ ಹಿಡಿಯುತ್ತದೆ ಎಂದು ಕೇಳಿದ. ಕ್ಯಾರವಾನ್ ಎಂಬ ಹೆಸರೂ ಹೊಸತೇನಲ್ಲ, ಪಾರ್ಸಿಯ ಕಾರವಾನ್, ವರ್ತಕರ ತಂಡ. ಆದರೆ ಅವ್ವನಿಗೆ ಈ ಯಾವ ಹೆಸರೂ ಬೇಕಾಗಲಿಲ್ಲ. ಅವಳ ಬಾಲ್ಯದಲ್ಲಿ ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೊರಟ ಕಮಾನಿನ ಚಕ್ಕಡಿಯಲ್ಲಿ ಹಾಸಿಗೆ, ಬುತ್ತಿ, ನೀರಿನ ಕೊಡ, ಒಲೆಗೆ ಮೂರು ಕಲ್ಲು ಎಲ್ಲ ಇರುತ್ತಿತ್ತು. "ಇದು ಸವಾರಿ ಬಂಡಿನ ಬಿಡು, ಎತ್ತು ಇಲ್ಲ ಅಷ್ಟ" ಅಂದಳು.

ವೇಗವೂ ಹೆಚ್ಚುಕಡಿಮೆ ಬಂಡಿಯದೇ. ವಾಯಿಗೆ ಸುಮಾರು 90 ಕಿ.ಮೀ. ಖಂಬಾಟ್ಕಿ ಘಾಟಿಯಲ್ಲಿ ಲಾರಿಗಳೇ ನಮ್ಮನ್ನು ಹಿಂದೆ ಹಾಕಿದವು. ಸುರೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಮೇಣವಲಿ ಕಡೆಯ ಒಬ್ಬ ರೈತರ ಕಣದಲ್ಲಿ ಗಾಡಿ ನಿಲ್ಲಿಸುವಾಗ ನಾಲ್ಕು ತಾಸು ಕಳೆದಿತ್ತು. ಪಸರಣಿ ಘಾಟಿಯ ತಿರುವುಗಳಲ್ಲಿ ಈ ಪೆಟ್ಟಿಗೆಯನ್ನು ಎಳೆದುಕೊಂಡು ಹತ್ತುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ. ವಾಯಿಯೇ ನಮ್ಮ ಕೊನೆಯ ನಿಲ್ದಾಣವಾಯಿತು.

ಅಲ್ಲಿ ಏನಿದೆ ಎಂದು ಕೇಳುವವರಿಗೆ ಹೇಳುತ್ತೇನೆ. ಊರಿನ ನಡುವೆ ಕೃಷ್ಣೆ. ಅದಕ್ಕೆ ಇಳಿಯಲು ಕರಿಗಲ್ಲಿನ ಸಾಲು ಸಾಲು ಘಾಟುಗಳು. ಗಣಪತಿ ಘಾಟಿನ ಮೇಲೆ ಢೋಲ್ಯಾ ಗಣಪತಿ, ಅಂದರೆ ಡೊಳ್ಳುಹೊಟ್ಟೆಯವನು. 18ನೇ ಶತಮಾನದಲ್ಲಿ ರಾಸ್ತೆ ಮನೆತನದವರು ಕಟ್ಟಿಸಿದ ಗುಡಿ. ಎಲ್ಲರೂ ಮುಂದಿನಿಂದ ನೋಡಿ ಕೈಮುಗಿದು ಹೋಗುತ್ತಾರೆ. ಹಿಂದಿನ ಗೋಡೆಯನ್ನು ನೋಡಬೇಕು. ಅದು ಮೀನಿನ ಮುಖದಂತೆ ಚೂಪಾಗಿದೆ. ನೆರೆ ಬಂದಾಗ ನೀರು ಬಡಿಯದೆ ಸೀಳಿಕೊಂಡು ಎರಡೂ ಬದಿಗೆ ಸರಿಯಲಿ ಎಂದು ಹಾಗೆ ಕಟ್ಟಿದ್ದಾರೆ. ನದಿಯನ್ನು ತಡೆಯುವ ಬದಲು ಅದಕ್ಕೆ ದಾರಿ ಬಿಟ್ಟು ನಿಂತ ಗುಡಿ. ಮೂರು ಕಿಲೋಮೀಟರ್ ದೂರದ ಮೇಣವಲಿಯಲ್ಲಿ ನಾನಾ ಫಡ್ನವೀಸರ ವಾಡೆ, ಅದರ ಹಿಂದೆ ನದಿಗಿಳಿಯುವ ಮೆಟ್ಟಿಲು, ಪಕ್ಕದಲ್ಲಿ ಒಂದು ದೊಡ್ಡ ಕಂಚಿನ ಗಂಟೆ. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ವಸಯಿ ಕೋಟೆ ಗೆದ್ದಾಗ ತಂದದ್ದು. ಚರ್ಚಿನ ಗಂಟೆ ಈಗ ಶಿವನ ಪಕ್ಕ ತೂಗುತ್ತಿದೆ.

ನನಗೆ ಇನ್ನೊಂದು ಕಾರಣಕ್ಕೆ ವಾಯಿ ನೋಡಬೇಕಿತ್ತು. ಮರಾಠಿಯಿಂದ ಕನ್ನಡಕ್ಕೆ ಅನುವಾದಿಸುವ ನಾನು ದಿನಾ ಒಮ್ಮೆಯಾದರೂ ಮರಾಠಿ ವಿಶ್ವಕೋಶ ತೆರೆಯುತ್ತೇನೆ. ಅದರ ಸಂಪಾದಕೀಯ ಕೆಲಸ ನಡೆದದ್ದು ಮುಂಬಯಿಯಲ್ಲಲ್ಲ, ಪುಣೆಯಲ್ಲಲ್ಲ, ಈ ಪುಟ್ಟ ಊರಿನಲ್ಲಿ. ಇಲ್ಲಿನ ಪ್ರಾಜ್ಞ ಪಾಠಶಾಲೆಯಲ್ಲಿ ಕಲಿತ ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿ ಅದರ ಪ್ರಧಾನ ಸಂಪಾದಕರಾಗಿದ್ದರು. ಮೊದಲ ಸಂಪುಟ ಬಂದದ್ದು 1976ರಲ್ಲಿ. ನಮ್ಮ ಕನ್ನಡ ವಿಶ್ವಕೋಶಕ್ಕೆ ಮೈಸೂರು ವಿಶ್ವವಿದ್ಯಾನಿಲಯ ಇತ್ತು. ಇವರಿಗೆ ಒಂದು ಪಾಠಶಾಲೆ, ಒಂದು ನದಿ, ಅವಸರವಿಲ್ಲದ ಒಂದು ಊರು ಇತ್ತು. ರಜೆಯಾದ್ದರಿಂದ ಕಚೇರಿ ಮುಚ್ಚಿತ್ತು. ಹೊರಗಿನಿಂದ ಬೋರ್ಡು ನೋಡಿ ಬಂದೆ.

ಅವ್ವ ಇದಾವುದರ ಬಳಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಘಾಟಿನ ಮೇಲಿನ ಮೆಟ್ಟಿಲಲ್ಲಿ ಕೂತು ಎರಡು ತಾಸು ನೀರು ನೋಡಿದಳು. ಬಟ್ಟೆ ಒಗೆಯುವವರು, ದಡದಲ್ಲಿ ಕ್ರಿಕೆಟ್ ಆಡುವ ಹುಡುಗರು, ಹೂವಿನ ಬುಟ್ಟಿಯವಳು. ಕೊನೆಗೆ ಕೇಳಿದಳು: "ಈ ನೀರು ಆಲಮಟ್ಟಿಗೆ ಹೋಗತೈತೆಲ್ಲ?"

ಹೋಗುತ್ತದೆ. ಸಾತಾರಾ, ಸಾಂಗ್ಲಿ ಜಿಲ್ಲೆಗಳನ್ನು ದಾಟಿ, ಬೆಳಗಾವಿ ಜಿಲ್ಲೆ ಹೊಕ್ಕು, ಜಮಖಂಡಿಯ ಬದಿಯಿಂದ ಹರಿದು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಹಾಗೆ ನಿಂತ ನೀರಿನ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೇರಿ ಹಳೆಯ ಬಾಗಲಕೋಟೆಯ ಅರ್ಧ ಊರನ್ನು ನುಂಗಿತು. ಅವ್ವನ ತವರುಮನೆ ಆ ಅರ್ಧದಲ್ಲಿತ್ತು. ನಮ್ಮ ಕಡೆ ಅದಕ್ಕೆ ಒಂದೇ ಮಾತು, ಮುಳುಗಡೆ. ನವನಗರದಲ್ಲಿ ಸೈಟು ಸಿಕ್ಕಿತು, ಅಗಲವಾದ ರಸ್ತೆ ಬಂತು. ಸಿಗದೆ ಹೋದದ್ದು ಓಣಿ, ಕಟ್ಟೆ, ಹೋಳಿಯಲ್ಲಿ ಬಣ್ಣದ ಬಂಡಿಗಳು ಇಕ್ಕಟ್ಟಿನಲ್ಲಿ ತೂರಿ ಬರುವಾಗ ಮಾಳಿಗೆಯಿಂದ ನೋಡುವ ಸಂಭ್ರಮ. ಪುಣೆಯಲ್ಲಿ ನೆರೆಯವರು 2019ರ ಸಾಂಗ್ಲಿ ಪ್ರವಾಹಕ್ಕೆ ಆಲಮಟ್ಟಿಯೇ ಕಾರಣ ಎಂದು ವಾದಿಸುವಾಗ, ಜಲಾಶಯದ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಬೇಕೋ ಬೇಡವೋ ಎಂದು ಟಿವಿಯಲ್ಲಿ ಎರಡೂ ರಾಜ್ಯದವರು ಕೂಗಾಡುವಾಗ ಅವ್ವ ಏನೂ ಅನ್ನುವುದಿಲ್ಲ. ಆ ಅಂಕಿಗಳಲ್ಲಿ ಅವಳಿಗೆ ಕಾಣುವುದು ಯಾರ ಮನೆಯ ಎಷ್ಟನೇ ಮೆಟ್ಟಿಲು ಎಂಬುದು.

ವಾಯಿಯ ಘಾಟಿನಲ್ಲಿ ಅವಳು ನೋಡುತ್ತಿದ್ದದ್ದು ಪ್ರವಾಸಿ ತಾಣವನ್ನಲ್ಲ. ನದಿದಂಡೆಯ ಹಳೆಯ ಊರೊಂದು ಮುಳುಗದೆ ಉಳಿದರೆ ಹೇಗಿರುತ್ತದೆ ಎಂಬುದನ್ನು. ಇದು ನನಗೆ ಹೊಳೆದದ್ದು ಪುಣೆಗೆ ಮರಳಿದ ಮೇಲೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ನಾವು ಹೊರನಾಡ ಕನ್ನಡಿಗರು ನಮ್ಮ ನಗರವನ್ನು ಬಲ್ಲೆವು, ಬಿಟ್ಟು ಬಂದ ಊರನ್ನು ಬಲ್ಲೆವು. ನಡುವಿನದು ನಮಗೆ ಬರೀ ದಾರಿ. ವರ್ಷಕ್ಕೆ ಮೂರು ಸಲ ಊರಿಗೆ ಹೋಗುವ ನನಗೆ ಈ ಹೆದ್ದಾರಿಯಲ್ಲಿ ಬಾಯಿಪಾಠ ಬರುವ ಹೆಸರುಗಳು ಯಾವುವು? ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ. ನಾಲ್ಕೂ ಟೋಲ್ ನಾಕೆಗಳು. ಚೆನ್ನೈಯವರಿಗೆ, ಹೈದರಾಬಾದಿನವರಿಗೆ ತಮ್ಮದೇ ನಾಲ್ಕು ನಾಕೆಗಳ ಪಟ್ಟಿ ಇದ್ದೀತು. ರಜೆ ಸಿಕ್ಕರೆ ಇನ್ನೂ ದೂರದ, ಇನ್ನೂ ಎತ್ತರದ ಜಾಗಕ್ಕೆ ಓಡುತ್ತೇವೆ. ಇರುವ ರಾಜ್ಯದ ಸಣ್ಣ ಊರುಗಳಲ್ಲಿ ಒಂದು ಸಂಜೆ ಸುಮ್ಮನೆ ಕೂತವರು ನಮ್ಮಲ್ಲಿ ಎಷ್ಟು ಜನ?

ಕೂತರೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಪುಟ್ಟ ಉದಾಹರಣೆ. ನಮಗೆ ಕಣ ಬಿಟ್ಟುಕೊಟ್ಟ ರೈತರ ಹೆಂಡತಿಯನ್ನು ಅವ್ವ ಮೊದಲ ದಿನವೇ "ವೈನಿ" ಎಂದು ಕರೆದಳು. ಮರಾಠಿಯ ವಹಿನಿ ನಮ್ಮ ಕಡೆ ಯಾವತ್ತೋ ವೈನಿಯಾಗಿದ್ದಾಳೆ, ಕಾಕಾ ಕಾಕಾನೇ ಆಗಿದ್ದಾನೆ. ಇಬ್ಬರೂ ಮೊಣಕಾಲ ಬಗ್ಗೆ ಒಂದು ತಾಸು ಮಾತಾಡಿದರು, ಅನುವಾದಕಿ ಕೆಲಸವಿಲ್ಲದೆ ಕೂತಿದ್ದೆ. ಸಂಜೆಗೆ ಆಕೆ ಅವ್ವನಿಗೆ "ಆಪಣ ಘಾಟಾವರ ಜಾಊ" ಅಂದರು, ನಾವು ಘಾಟಿಗೆ ಹೋಗೋಣ ಅಂತ. ಮರಾಠಿಯಲ್ಲಿ "ನಾವು" ಎರಡಿವೆ. ಆಮ್ಹೀ ಅಂದರೆ ನಿಮ್ಮನ್ನು ಬಿಟ್ಟು ನಾವು, ಆಪಣ ಅಂದರೆ ನಿಮ್ಮನ್ನೂ ಸೇರಿಸಿ ನಾವು. ತಮಿಳಿನ ನಾಂಗಳ್, ನಾಮ್. ತೆಲುಗಿನ ಮೇಮು, ಮನಮು. ಚೆನ್ನೈ, ಹೈದರಾಬಾದಿನ ಓದುಗರಿಗೆ ಹೇಳಬೇಕಿಲ್ಲ. ಸಂಸ್ಕೃತದಲ್ಲಿಲ್ಲದ ಈ ಭೇದ ಮರಾಠಿಗೆ ಬಂದದ್ದು ನೆರೆಯ ದ್ರಾವಿಡ ಭಾಷೆಗಳ ಒಡನಾಟದಿಂದ ಎನ್ನುವ ಭಾಷಾವಿಜ್ಞಾನಿಗಳಿದ್ದಾರೆ. ವಿಚಿತ್ರವೆಂದರೆ ಇಂದಿನ ಕನ್ನಡದಲ್ಲಿ ಅದಿಲ್ಲ, ನಮಗೆ ಎಲ್ಲಕ್ಕೂ ಒಂದೇ "ನಾವು". ಎಂ.ಎ. ಓದುವಾಗ ಇದನ್ನು ಪರೀಕ್ಷೆಗೆ ಬರೆದಿದ್ದೆ. ಆಪಣ ಎಂಬ ಮಾತಿನೊಳಗೆ ಅವ್ವ ಸೇರಿದ್ದನ್ನು ಕೇಳಿದ್ದು ಮೊದಲ ಸಲ.

ಹಾಗಾದರೆ ಎಲ್ಲರೂ ಟ್ರೇಲರ್ ಕಟ್ಟಿಕೊಂಡು ಹೊರಡಿ ಎನ್ನುತ್ತೀಯಾ ಎಂದು ಕೇಳಬಹುದು. ಇಲ್ಲ. ಮೂರು ದಿನದಲ್ಲಿ ಅದರ ಗುಣದ ಜೊತೆ ದೋಷವೂ ಕಂಡಿತು. ಅದು ನಿಮ್ಮನ್ನು ನಿಧಾನ ಮಾಡುತ್ತದೆ, ಒಳ್ಳೆಯದು. ಆದರೆ ಊರಿನ ಹಂಗಿಲ್ಲದಂತೆಯೂ ಮಾಡುತ್ತದೆ. ಪುಣೆಯ ಅಕ್ಕಿ, ಪುಣೆಯ ನೀರು, ಪುಣೆಯ ಹಾಸಿಗೆ. ಊರಿನಿಂದ ನಮಗೆ ಬೇಕಾದದ್ದು ಹಿನ್ನೆಲೆಯ ದೃಶ್ಯ ಮಾತ್ರ. ಅದಕ್ಕೆ ಪ್ರತಿಯಾಗಿ ಬಿಟ್ಟು ಬರುವುದು ಪಾತ್ರೆ ತೊಳೆದ ನೀರು, ಟಾಯ್ಲೆಟ್ಟಿನ ಡಬ್ಬಿ. ಅದನ್ನು ರಾತ್ರಿ ಎಲ್ಲೋ ಚೆಲ್ಲಿ ಹೋಗುವವರೂ ಇರುತ್ತಾರೆ ಎಂದು ಕಣದ ಮಾಲೀಕರು ಮೊದಲೇ ನಮ್ಮನ್ನು ಎಚ್ಚರಿಸಿದ್ದರು. ನಾವು ಅವರ ಶೌಚಾಲಯದಲ್ಲೇ ಖಾಲಿ ಮಾಡಿದೆವು, ತೊಳೆದು ಕೊಟ್ಟೆವು. ಮೊದಲ ರಾತ್ರಿಯ ನಂತರ ಒಲೆಯನ್ನೂ ಹಚ್ಚಲಿಲ್ಲ. ಝುಣಕ-ಭಾಕರಿ ವೈನಿಯ ಮನೆಯದು, ಚಹಾ ಪೇಟೆಯದು, ಹಾಲು ಪಕ್ಕದ ಮನೆಯದು. ಟ್ರೇಲರಿನಲ್ಲಿ ಮಲಗಿ, ಊರಿನಲ್ಲಿ ಉಣ್ಣಿ. ಇಷ್ಟು ಮಾಡದಿದ್ದರೆ ನಾವು ಬರೀ ಆಮ್ಹೀ.

ರವಿವಾರ ಔಂಧಕ್ಕೆ ಹೋದೆವು. ದಾರಿಯಲ್ಲಿ ರಹಿಮತಪುರ ದಾಟಿದ ಮೇಲೆ ಟೈರು ನೋಡಲು ಕಬ್ಬಿನ ಗದ್ದೆಯ ಪಕ್ಕ ನಿಂತೆವು. ಅಲ್ಲಿ ಎಂಟ್ಹತ್ತು ತಾಡಪತ್ರಿಯ ಗುಡಿಸಲು. ಅವ್ವ ಏನೋ ಅಂದದ್ದು ಕೇಳಿ ಒಬ್ಬಾಕೆ ಬಂದಳು. "ಎಲ್ಲಿಯವ್ರವ್ವಾ ನೀವು?" ಕನ್ನಡ. ವಿಜಯಪುರ ಕಡೆಯ ತಾಂಡಾದವರು, ಕಬ್ಬು ಕಡಿಯಲು ದಸರೆಯ ಮೇಲೆ ಬಂದವರು, ಬೇಸಿಗೆಗೆ ಮರಳುವವರು. ಬಂದದ್ದು ಗಂಡ, ಮಕ್ಕಳು, ಪಾತ್ರೆ, ಕೋಳಿ ಸಮೇತ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ನಮ್ಮ ಪೆಟ್ಟಿಗೆಯ ಬಾಗಿಲಲ್ಲಿ ಇಣುಕಿ ಆಕೆ ಕೇಳಿದ್ದು ಹಾಸಿಗೆಯ ಬಗ್ಗೆ ಅಲ್ಲ, ಒಲೆಯ ಬಗ್ಗೆ ಅಲ್ಲ. "ಒಳಗ ಪಾಯಖಾನಿನೂ ಐತೇನು?" ಐತಿ, ಬಂದು ನೋಡು ಅಂದಳು ಅವ್ವ. ಆಕೆ ಬರಲಿಲ್ಲ. "ನಮಗ ನಸಿಕಿನ್ಯಾಗ ನಾಕಕ್ಕ ಎದ್ದರ ಕತ್ತಲಿ ಸಿಗತೈತಿ, ತಡಾ ಆದ್ರ ಇಲ್ಲ" ಎಂದು ನಕ್ಕು, ಮಗುವನ್ನು ಎತ್ತಿಕೊಂಡು ಹೋದಳು.

ಮುಂದಿನ ಅರ್ಧ ತಾಸು ನಾವು ಯಾರೂ ಮಾತಾಡಲಿಲ್ಲ. ಎರಡೂ ಟ್ರೇಲರುಗಳೇ, ಎರಡರಲ್ಲೂ ಕನ್ನಡದವರೇ. ಪುಣೆಯ ಕನ್ನಡಿಗರು ಎಂದು ನಾವು ಹೇಳುವಾಗ, ಹೊರನಾಡ ಕನ್ನಡಿಗರ ಸಮಾವೇಶದಲ್ಲಿ ಕುರ್ಚಿ ಹಾಕುವಾಗ, ಆಕೆ ನಮ್ಮ ಲೆಕ್ಕದಲ್ಲಿ ಇರುವುದಿಲ್ಲ. ನಮ್ಮ ಒಂದೇ "ನಾವು" ಎಲ್ಲರನ್ನೂ ಒಳಗೊಳ್ಳುತ್ತದೆ ಎಂದು ಹೆಮ್ಮೆಪಡುವ ಹಾಗಿಲ್ಲ. ಯಾರು ಹೊರಗಿದ್ದಾರೆ ಎಂಬುದನ್ನು ಅದು ಮುಚ್ಚಿಡುತ್ತದೆ, ಅಷ್ಟೇ.

ಔಂಧ ನೋಡಲೇಬೇಕಾದ ಊರು. ಅಲ್ಲಿನ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕಟ್ಟಿದ ಭವಾನಿ ವಸ್ತುಸಂಗ್ರಹಾಲಯದಲ್ಲಿ ರವಿವರ್ಮನ ಚಿತ್ರಗಳಿವೆ, ಹೆನ್ರಿ ಮೂರ್ ಕೆತ್ತಿದ ತಾಯಿ-ಮಗುವಿನ ಪುಟ್ಟ ಶಿಲ್ಪವೂ ಇದೆ. ಅದಕ್ಕಿಂತ ದೊಡ್ಡದು 1939ರಲ್ಲಿ ಆ ರಾಜ ಮಾಡಿದ್ದು. ಗಾಂಧೀಜಿಯ ಸಲಹೆ, ಮಾರಿಸ್ ಫ್ರಿಡ್‌ಮನ್ನರ ನೆರವಿನೊಂದಿಗೆ ಒಂದು ಸಂವಿಧಾನ ರೂಪಿಸಿ ತನ್ನ 72 ಹಳ್ಳಿಗಳ ಆಡಳಿತವನ್ನು ಪಂಚಾಯತಿಗಳ ಕೈಗೆ ಕೊಟ್ಟ. ಚದುರಿಹೋದ ಆ ಪುಟ್ಟ ಸಂಸ್ಥಾನದ ಒಂದು ತುಣುಕು ವಿಜಯಪುರದ ಬಳಿಯ ಗುಣದಾಳ. ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬರುವ ಎಂಟು ವರ್ಷ ಮೊದಲೇ ಕೆಲವು ಕನ್ನಡ ಹಳ್ಳಿಗಳು ತಮ್ಮನ್ನು ತಾವು ಆಳಿಕೊಳ್ಳುವ ಪ್ರಯೋಗದಲ್ಲಿದ್ದವು. ಬೆಳಗಾವಿಯಲ್ಲಿ ನೆಲೆ ಕಳೆದುಕೊಂಡ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ 1910ರಲ್ಲಿ ಜಾಗ ಕೊಟ್ಟದ್ದೂ ಔಂಧವೇ. ಅದು ಮುಂದೆ ಕಿರ್ಲೋಸ್ಕರವಾಡಿಯಾಯಿತು. ಗಣರಾಜ್ಯೋತ್ಸವದ ಹಿಂದಿನ ದಿನ ನೋಡಲು ಇದಕ್ಕಿಂತ ಒಳ್ಳೆಯ ಊರು ನನಗೆ ತಿಳಿಯದು. ಸಾಲುಗಟ್ಟಿದ ಜನ ಇರಲಿಲ್ಲ.

ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ನೀತಿ ತಂದಿತು, ಮಹಾರಾಷ್ಟ್ರವೂ ಅದೇ ಹೊತ್ತಿಗೆ ತಂದಿತು. ನೀರು, ಕರೆಂಟು, ಕೊಳೆ ನೀರು ವಿಲೇವಾರಿ ಇರುವ ಪಾರ್ಕುಗಳು ಬರಲಿ, ಬೇಡ ಎನ್ನುವುದಿಲ್ಲ. ಆದರೆ ನಮ್ಮ ಮೂರು ದಿನದಿಂದ ನಾನು ಕಲಿತದ್ದು ಬೇರೆ. ಬಾಡಿಗೆ ಕೊಟ್ಟು ನಾವು ಎಳೆದುಕೊಂಡು ಹೋದದ್ದು ವಾಹನವನ್ನಲ್ಲ, ಒಂದು ಶೌಚಾಲಯವನ್ನು. ಸಣ್ಣ ಊರುಗಳಲ್ಲಿ ಹೆಂಗಸರು, ವಯಸ್ಸಾದವರು ಬಳಸಬಹುದಾದ, ನೀರಿರುವ, ಬೆಳಕಿರುವ, ಹಿಡಿದುಕೊಳ್ಳಲು ಒಂದು ಕಂಬಿ ಇರುವ ಶೌಚಾಲಯ, ಘಾಟಿನ ಪಕ್ಕ ನಾಲ್ಕು ಬೆಂಚು, ಗುಡಿಯ ಹಿಂದಿನ ಗೋಡೆ ಯಾಕೆ ಚೂಪಾಗಿದೆ ಎಂದು ಹೇಳುವ ಒಂದು ಫಲಕ ಇದ್ದರೆ ಅವ್ವನಂಥವರು ಬಸ್ಸಿನಲ್ಲೇ ಹೋಗಿ ಬರುತ್ತಾರೆ. ಆ ಶೌಚಾಲಯ ಪ್ರವಾಸಿಗರು ಇಲ್ಲದ ದಿನವೂ ಊರಿಗೆ ಬೇಕು. ಸಂತೆಗೆ ಬಂದವಳಿಗೆ ಬೇಕು. ಕಬ್ಬಿನ ಗದ್ದೆಯ ಬದಿಯಲ್ಲಂತೂ ಎಲ್ಲಕ್ಕಿಂತ ಮೊದಲು ಬೇಕು. ಪಾರ್ಕು ಆಮೇಲೆ.

ಸರಕಾರ ಮಾಡುವವರೆಗೆ ನಾವು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಊರಿಗೆ ಹೋಗುವಾಗ ಎರಡು ನಾಕೆಗಳ ನಡುವಿನ ಒಂದು ಊರಿನಲ್ಲಿ ಇಳಿಯಿರಿ. ಒಂದು ರಾತ್ರಿ ಆಗದಿದ್ದರೆ ಒಂದು ಸಂಜೆ. ಮನೆಯಲ್ಲಿ ಹಿರಿಯರಿದ್ದು "ನೀವು ಹೋಗಿ ಬರ್ರಿ" ಅನ್ನುತ್ತಿದ್ದರೆ, ಯಾಕೆ ಎಂದು ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ.

ಸೋಮವಾರ ಬೆಳಿಗ್ಗೆ ಹಳ್ಳಿಯ ಶಾಲೆಯಲ್ಲಿ ಧ್ವಜಾರೋಹಣ ನೋಡಿ ಪುಣೆಗೆ ಮರಳಿದೆವು. ಟ್ರೇಲರ್ ತೊಳೆದು ಒಪ್ಪಿಸಿಯಾಯಿತು. ಆ ವಾರವೇ ಅವ್ವ ಬಾಗಲಕೋಟೆಯ ಮದುವೆಯೊಂದರ ಮಾತು ತೆಗೆದಳು. ಹೋಗುವಾಗ ಕರಾಡದಲ್ಲಿ ಇಳಿಯಬೇಕಂತೆ. ಅಲ್ಲಿ ಕೃಷ್ಣೆ, ಕೊಯ್ನಾ ಎದುರುಬದುರು ಬಂದು ಕೂಡುತ್ತವೆ, ಆ ಜಾಗಕ್ಕೆ ಪ್ರೀತಿಸಂಗಮ ಎಂದು ಹೆಸರು, ವೈನಿ ಹೇಳಿದ್ದಾರಂತೆ. ಟ್ರೇಲರ್ ಮತ್ತೆ ತರೋಣವೇ ಎಂದು ಕೇಳಿದೆ.

"ಬ್ಯಾಡ, ರೊಕ್ಕ ಭಾಳ ಆತು. ಅಲ್ಲಿ ಪಾಯಖಾನಿ ಎಲ್ಲೈತಿ ಅಂತ ಮೊದಲ ಕೇಳಿಟ್ಕೋ ಸಾಕು."

ಕೇಳಿಟ್ಟುಕೊಂಡಿದ್ದೇನೆ.